ಮೋಟಾರ್ ಸೈಕಲ್ಲಿನ ಬೆನ್ನಿಗೊಂದು ಗಾಡಿ

ಮೋಟಾರ್ ಸೈಕಲ್ಲು ಹೊರೆ ಹೊರುವ ವಾಹನವಲ್ಲವೆಂದು ಬಲ್ಲವರು ಹೇಳುವುದುಂಟು. ಮುಂಬಯಿಯ ಬೀದಿಗಳಲ್ಲಿ ಬೆಳೆಯುತ್ತಿರುವ ವಿದ್ಯಾರ್ಥಿಗಳಿಗೆ ಈ ಮಾತು ನಗೆ ತರಿಸೀತು. ಹಾಲಿನ ಕ್ಯಾನು, ಗ್ಯಾಸಿನ ಸಿಲಿಂಡರು, ಗಂಡ, ಹೆಂಡತಿ, ಇಬ್ಬರು ಮಕ್ಕಳು, ಇವುಗಳಲ್ಲಿ ಯಾವುದನ್ನು ತಾನೆ ನಮ್ಮ ಊರಿನ ಮೋಟಾರ್ ಸೈಕಲ್ಲು ಹೊತ್ತಿಲ್ಲ? ಆದರೆ ಹೊರುವುದು ಬೇರೆ, ಎಳೆಯುವುದು ಬೇರೆ. ಕತ್ತೆ ಹೊರುತ್ತದೆ, ಎತ್ತು ಎಳೆಯುತ್ತದೆ. ಎರಡು ಪ್ರಾಣಿಗಳ ನಡಿಗೆಯೂ ಬೇರೆ, ಅವುಗಳನ್ನು ನಡೆಸುವವನ ಜಾಣ್ಮೆಯೂ ಬೇರೆ. ಎರಡು ಗಾಲಿಯ ಮೋಟಾರ್ ಸೈಕಲ್ಲಿನ ಹಿಂದೆ ಎರಡು ಗಾಲಿಯ ಒಂದು ಪುಟ್ಟ ಗಾಡಿಯನ್ನು ಕಟ್ಟಿ ದೂರ ಪ್ರಯಾಣ ಮಾಡುವ ವಿಷಯವನ್ನು ಇಲ್ಲಿ ನಾಲ್ಕು ಮಾತಿನಲ್ಲಿ ಹೇಳಬೇಕೆಂದಿದ್ದೇವೆ.

ಹೀಗೆ ಹೇಳುತ್ತಿರುವ ನಾವು ಈ ಶಾಲೆಯ ಹಳೆಯ ವಿದ್ಯಾರ್ಥಿಗಳು, ಒಡಹುಟ್ಟಿದ ಅಣ್ಣತಮ್ಮಂದಿರು. ನಮ್ಮಲ್ಲಿ ಹಿರಿಯವರು 1981ರಲ್ಲಿಯೂ ಕಿರಿಯವನು 1984ರಲ್ಲಿಯೂ ಇಲ್ಲಿಂದ ಎಸ್.ಎಸ್.ಸಿ. ಮುಗಿಸಿ ಹೊರಬಿದ್ದು, ಹೊಟ್ಟೆಪಾಡು ಎಳೆದ ಕಡೆಗೆ ಹೋಗಿ, ಕಡೆಗೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದೆವು. ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತು ಬರೆಯುತ್ತಿರುವುದರಿಂದ ಇಲ್ಲಿಯ ‘ನಾವು’ ಎಂಬುದು ದೊಡ್ಡಸ್ತಿಕೆಯ ಬಹುವಚನವಲ್ಲ, ಬರಿಯ ಲೆಕ್ಕದ ಬಹುವಚನ. ಒಬ್ಬೊಬ್ಬರ ಮಾತು ಬಂದಾಗ ಹಿರಿಯವರು, ಕಿರಿಯವನು ಎಂದು ಬರೆಯುತ್ತೇವೆ. ಈ ‘ವರು’ ಬೇಡವೆಂದು ಹಿರಿಯವರು ಹೇಳಿದರು, ಕಿರಿಯವನು ಒಪ್ಪಲಿಲ್ಲ.

ಹದಿನಾಲ್ಕು ವರ್ಷಗಳ ಕಾಲ ಪ್ರತಿ ಬೇಸಿಗೆಯಲ್ಲಿಯೂ ನಾವಿಬ್ಬರೂ ಒಂದೇ ಮೋಟಾರ್ ಸೈಕಲ್ಲಿನ ಮೇಲೆ ಒಂದು ವಾರ ತಿರುಗಿ ಬರುತ್ತಿದ್ದೆವು. ಕಿರಿಯವನು ನಡೆಸುವುದು, ಹಿರಿಯವರು ಹಿಂದೆ ಕುಳಿತು ದಾರಿ ಹೇಳುವುದು. ಹಿರಿಯವರು ಅಲ್ಲಿಯ ರೈಲು ಇಲಾಖೆಯಲ್ಲಿ ಸಿಗ್ನಲಿನ ಕೆಲಸ ಮಾಡಿದವರು. ದಾರಿ ಹೇಳುವುದು ಅವರಿಗೆ ಉದ್ಯೋಗವೂ ಹೌದು, ಸ್ವಭಾವವೂ ಹೌದು. 2021ರಲ್ಲಿ ಅವರ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸುವ ಹಂತಕ್ಕೆ ಬಂದವು. ತಿರುಗಾಟವೂ ನಿಂತಿತು.

ಮೂತ್ರಪಿಂಡ ಸೋತವರ ರಕ್ತವನ್ನು ಶುದ್ಧಿಮಾಡುವ ಬಗೆ ಎರಡು. ಆಸ್ಪತ್ರೆಯಲ್ಲಿ ಯಂತ್ರದ ಮೂಲಕ ರಕ್ತವನ್ನು ಹಾಯಿಸಿ ಶೋಧಿಸುವುದು ಒಂದು. ಇದನ್ನು ನೀವು ಕೇಳಿರುತ್ತೀರಿ. ಇನ್ನೊಂದನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ನಮ್ಮ ಹೊಟ್ಟೆಯ ಒಳಗೋಡೆಗೂ ಕರುಳುಗಳಿಗೂ ಹೊದಿಸಿದಂತೆ ತೆಳುವಾದ ಒಂದು ಪೊರೆ ಇದೆ. ಹೊಟ್ಟೆಗೆ ಮೃದುವಾದ ಒಂದು ಸಣ್ಣ ಕೊಳವೆಯನ್ನು ಸೇರಿಸಿ, ಅದರ ಮೂಲಕ ಸುಮಾರು ಎರಡು ಲೀಟರು ದ್ರಾವಣವನ್ನು ಒಳಬಿಡುತ್ತಾರೆ. ರಕ್ತದಲ್ಲಿರುವ ಕಶ್ಮಲವೂ ಹೆಚ್ಚಿನ ನೀರೂ ಆ ಪೊರೆಯ ಮೂಲಕ ಜಿನುಗಿ ದ್ರಾವಣಕ್ಕೆ ಬಂದು ಸೇರುತ್ತವೆ. ಕೆಲವು ಗಂಟೆಗಳ ತರುವಾಯ ಅದನ್ನು ಹೊರಗೆ ಹರಿಯಬಿಟ್ಟು ಹೊಸದನ್ನು ತುಂಬಬೇಕು. ಹಿರಿಯವರಿಗೆ ಇದು ದಿನಕ್ಕೆ ನಾಲ್ಕು ಸಲ, ಸಲಕ್ಕೆ ಅರ್ಧ ಗಂಟೆ. ಒಂದು ದಿನವೂ ರಜೆಯಿಲ್ಲ. ಮೂತ್ರಪಿಂಡಕ್ಕೆ ಭಾನುವಾರವಿಲ್ಲವೆಂಬುದು ಅದು ಕೆಲಸ ಮಾಡುತ್ತಿರುವಷ್ಟು ದಿನ ಯಾರಿಗೂ ಹೊಳೆಯುವುದಿಲ್ಲ.

ಕಿರಿಯವನು ತನ್ನದೊಂದನ್ನು ಕೊಡಲು ಮುಂದಾಗಿದ್ದನು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅದು ಆಗದೆಂದು ವೈದ್ಯರು ತೀರ್ಮಾನಿಸಿದರು. ಹಿರಿಯವರ ಹೆಸರು ಮೃತರ ಅಂಗದಾನಕ್ಕಾಗಿ ಕಾಯುವವರ ಪಟ್ಟಿಗೆ ಸೇರಿತು. ಇದನ್ನು ಬರೆಯುವ ಹೊತ್ತಿಗೂ ಅಲ್ಲಿಯೇ ಇದೆ. ಎರಡು ಬೇಸಿಗೆಗಳು ಮನೆಯಲ್ಲಿ ಕಳೆದವು. ಮೂರನೆಯ ಬೇಸಿಗೆ ಹತ್ತಿರವಾದಾಗ, ಕೊಡಲಾಗದವನು ಎಳೆಯಲು ನಿಂತನು.

ಎಳೆಯಬೇಕಾದುದು ಎಷ್ಟು ಎಂಬ ಲೆಕ್ಕವನ್ನು ನೋಡಿ. ದಿನಕ್ಕೆ ಎರಡು ಲೀಟರಿನ ನಾಲ್ಕು ಚೀಲ. ಐದು ದಿನದ ಪ್ರಯಾಣ, ಆಪತ್ತಿಗೆಂದು ಮತ್ತೊಂದು ದಿನ. ಒಟ್ಟು 24 ಚೀಲ, 48 ಲೀಟರು. ಹೊದಿಕೆ, ರಟ್ಟು, ಕೊಳವೆಗಳೊಡನೆ ಐವತ್ತು ಕಿಲೋಗ್ರಾಮಿಗೆ ಕಡಿಮೆಯಿಲ್ಲ. ಮೋಟಾರ್ ಸೈಕಲ್ಲಿನ ಪಕ್ಕದ ಪೆಟ್ಟಿಗೆಗಳಲ್ಲಿ ಇದು ಹಿಡಿಯದು. ಹಿಡಿದರೂ ಅಷ್ಟು ಭಾರವನ್ನು ಅಷ್ಟು ಎತ್ತರದಲ್ಲಿ ಹೇರಿಕೊಂಡು ತಿರುವುಗಳಲ್ಲಿ ಬಾಗುವುದು ವಿವೇಕವಲ್ಲ. ಕಾರಿನಲ್ಲಿ ಹೋಗಬಹುದಿತ್ತಲ್ಲ ಎಂದು ನೀವು ಕೇಳುವಿರಿ. ಮನೆಯವರೆಲ್ಲರೂ ಅದನ್ನೇ ಕೇಳಿದರು. ಹಿರಿಯವರು, “ಆಸ್ಪತ್ರೆಗೆ ಹೋಗುವಾಗಲೆಲ್ಲ ಕಾರಿನಲ್ಲಿಯೇ ಹೋಗುತ್ತೇನೆ. ಅದರಲ್ಲಿ ಕೂತರೆ ನನಗೆ ಬೇರೆ ಊರು ನೆನಪಿಗೆ ಬರುವುದಿಲ್ಲ,” ಎಂದರು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಆದುದರಿಂದ ಟ್ರೇಲರು. ನಮ್ಮದು ಕೈಮರ್ಜಿಯ ಕೆಲಸವಲ್ಲ. ಮೋಟಾರ್ ಸೈಕಲ್ಲಿಗೆಂದೇ ಮಾಡಿದ, ಮುಚ್ಚಳವಿರುವ ಒಂದು ತಗ್ಗಾದ ಪೆಟ್ಟಿಗೆ, ಕೆಳಗೆ ಎರಡು ಪುಟ್ಟ ಗಾಲಿ, ಮುಂದೆ ಎತ್ತಿನ ಗಾಡಿಯ ಮೂಕಿಯಂತೆ ಒಂದು ಉಕ್ಕಿನ ದಂಡ. ಬ್ರಿಟನ್ನಿನಲ್ಲಿ ಇದಕ್ಕೆ ಖಚಿತವಾದ ಕಟ್ಟಳೆಗಳಿವೆ. ಎಂಜಿನು 125 ಸಿ.ಸಿ.ಗಿಂತ ದೊಡ್ಡದಿರಬೇಕು. ಗಾಡಿಯ ಅಗಲ ಒಂದು ಮೀಟರನ್ನು ಮೀರಬಾರದು. ಮೋಟಾರ್ ಸೈಕಲ್ಲಿನ ಹಿಂದಿನ ಅಚ್ಚಿನಿಂದ ಗಾಡಿಯ ಕಟ್ಟಕಡೆಯ ಅಂಚಿನವರೆಗೆ ಎರಡೂವರೆ ಮೀಟರಿಗಿಂತ ಹೆಚ್ಚಿರಬಾರದು. ಹೇರಿದ ಗಾಡಿಯ ತೂಕ 150 ಕಿಲೋಗ್ರಾಮು, ಅಥವಾ ಮೋಟಾರ್ ಸೈಕಲ್ಲಿನ ತೂಕದ ಮೂರರಲ್ಲಿ ಎರಡು ಪಾಲು, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ನಿಲ್ಲಬೇಕು. ನಮ್ಮ ಮೋಟಾರ್ ಸೈಕಲ್ಲು 1300 ಸಿ.ಸಿ.ಯದು, ತೂಕ ಸುಮಾರು 320 ಕಿಲೋಗ್ರಾಮು. ಆದುದರಿಂದ ನಮ್ಮ ಮಿತಿ 150. ಬರಿಯ ಗಾಡಿ 45, ದ್ರಾವಣ 50, ಬಟ್ಟೆಬರೆ, ಉಪಕರಣ, ಒಂದು ಸಣ್ಣ ಕುಕ್ಕರು, ಅವಲಕ್ಕಿಯ ಡಬ್ಬ ಎಲ್ಲ ಸೇರಿ 25. ಒಟ್ಟು 120ಕ್ಕೆ ನಿಲ್ಲಿಸಿದೆವು.

ತೂಕ ಕಟ್ಟಳೆಯೊಳಗೆ ಬಂದೊಡನೆ ಕೆಲಸ ಮುಗಿಯಿತೆಂದು ತಿಳಿಯಬಾರದು. ನಿಜವಾದ ಕೆಲಸ ಅಲ್ಲಿಂದ ಮುಂದೆ. ತೂಕವೆಷ್ಟೆಂಬುದಕ್ಕಿಂತ ಅದು ಎಲ್ಲಿ ಕುಳಿತಿದೆಯೆಂಬುದೇ ಗಾಡಿಗೆ ಮುಖ್ಯ. ಹಳ್ಳಿಯ ಗಾಡಿ ಹೊಡೆಯುವವನಿಗೆ ಇದು ಹುಟ್ಟಿನಿಂದ ಬಂದ ವಿದ್ಯೆ. ಅಚ್ಚಿನ ಮುಂದೆ ಭಾರ ಹೆಚ್ಚಿದರೆ ಗಾಡಿ ಮುಂಭಾರವಾಗಿ ಎತ್ತಿನ ಹೆಗಲು ಕುಸಿಯುತ್ತದೆ. ಹಿಂದೆ ಹೆಚ್ಚಿದರೆ ಹಿಂಭಾರವಾಗಿ ನೊಗ ಮೇಲೆದ್ದು ಕೊರಳಿನ ಹಗ್ಗ ಎತ್ತಿನ ಗಂಟಲನ್ನು ಬಿಗಿಯುತ್ತದೆ. ನಾವು ಎತ್ತಿನ ಗಾಡಿಯ ಊರಿನಲ್ಲಿ ಬೆಳೆದವರಲ್ಲ. ನಮಗೆ ಈ ಪಾಠವನ್ನು ಕಲಿಸಿದವನು ಮುಂಬಯಿಯ ಕೈಗಾಡಿಯವನು. ತಂದೆಯವರು ಕೋಟೆಯ ಭಾಗದ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ, ಮಸ್ಜಿದ್ ಬಂದರಿನಿಂದ ಅಕ್ಕಿ ಬೇಳೆಯ ಮೂಟೆಗಳು ಕೈಗಾಡಿಯಲ್ಲಿ ಬರುತ್ತಿದ್ದವು. ಗಾಡಿಯವನು ಕಡೆಯ ಮೂಟೆಯನ್ನು ಇಡುವ ಮೊದಲು ಮುಂದಿನ ಅಡ್ಡಮರವನ್ನು ಎರಡು ಕೈಯಿಂದ ಮೆಲ್ಲನೆ ಎತ್ತಿ ನೋಡುತ್ತಿದ್ದನು. ಕೈಗೆ ಸ್ವಲ್ಪವೇ ಭಾರ ತಾಗಬೇಕು. ತಾಗದಿದ್ದರೆ ಮೂಟೆ ಮುಂದಕ್ಕೆ, ಹೆಚ್ಚು ತಾಗಿದರೆ ಹಿಂದಕ್ಕೆ. ಶಾಲೆಯ ಮೆಟ್ಟಿಲನ್ನೇ ಕಾಣದ ಆ ಮನುಷ್ಯನಿಗೆ ತಿಳಿದಿದ್ದ ವಿಷಯವನ್ನು ನಾವು ಈ ಶಾಲೆಯಲ್ಲಿ ಸನ್ನೆಗೋಲಿನ ನಿಯಮವೆಂದು ಬಾಯಿಪಾಠ ಮಾಡಿ ಹತ್ತರಲ್ಲಿ ಆರು ಅಂಕ ಪಡೆದೆವು. (ಹಿರಿಯವರಿಗೆ ಏಳು.)

ಮೋಟಾರ್ ಸೈಕಲ್ಲಿನ ಗಾಡಿಗೂ ಇದೇ ನಿಯಮ, ಆದರೆ ವೇಗ ಬಂದಾಗ ಅದರ ಕೋಪ ಹೆಚ್ಚು. ಹಿಂಭಾರವಾದ ಗಾಡಿ ಮೋಟಾರ್ ಸೈಕಲ್ಲಿನ ಹಿಂಬದಿಯನ್ನು ಮೇಲಕ್ಕೆತ್ತುತ್ತದೆ. ಹಿಂದಿನ ಚಕ್ರಕ್ಕೆ ನೆಲದ ಹಿಡಿತ ಕಡಿಮೆಯಾಗುತ್ತದೆ. ಅಷ್ಟೇ ಅಲ್ಲ, ಅದು ನಾಯಿ ಬಾಲ ಅಲ್ಲಾಡಿಸುವಂತೆ ಎಡಬಲಕ್ಕೆ ತೂಗಲಾರಂಭಿಸುತ್ತದೆ. ನಿಧಾನವಾಗಿ ಹೋಗುವಾಗ ಆ ತೂಗಾಟ ತಾನಾಗಿ ಅಡಗುತ್ತದೆ. ಒಂದು ವೇಗವನ್ನು ದಾಟಿದ ಮೇಲೆ ಅಡಗುವ ಬದಲು ಪ್ರತಿ ತೂಗಿಗೂ ಬೆಳೆಯುತ್ತದೆ. ಆಗ ಬ್ರೇಕು ಒತ್ತಿದರೂ ಕೇಡು, ವೇಗ ಹೆಚ್ಚಿಸಿದರೂ ಕೇಡು. ಮೆಲ್ಲನೆ ಆಕ್ಸಿಲರೇಟರನ್ನು ಸಡಿಲಿಸಿ ವೇಗ ತಾನಾಗಿ ಇಳಿಯುವಂತೆ ಬಿಡಬೇಕು. ಇಂಥ ಗತಿ ಬಾರದಿರಲೆಂದು ಗಾಡಿಯ ಒಟ್ಟು ತೂಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮೂಕಿಯ ತುದಿಯ ಮೇಲೆ ಬೀಳುವಂತೆ ಹೇರುವುದು ವಾಡಿಕೆ. ಸ್ನಾನದ ಮನೆಯಲ್ಲಿಟ್ಟು ಜನರು ತೂಕ ನೋಡಿಕೊಂಡು ನಿಟ್ಟುಸಿರುಬಿಡುವ ತಕ್ಕಡಿಯೇ ಇದಕ್ಕೆ ಸಾಕು. ಅದರ ಮೇಲೊಂದು ಮರದ ತುಂಡನ್ನು ನಿಲ್ಲಿಸಿ ಮೂಕಿಯ ತುದಿಯನ್ನು ಅದರ ಮೇಲಿಟ್ಟು ನೋಡಿದೆವು. 120ಕ್ಕೆ 12 ಕಿಲೋಗ್ರಾಮು ಬರುವಂತೆ ಸಾಮಾನುಗಳನ್ನು ಹಿಂದೆ ಮುಂದೆ ಸರಿಸಲು ಒಂದು ಸಂಜೆ ಹಿಡಿಯಿತು.

ಇಲ್ಲಿ ನಮ್ಮ ಗಾಡಿಗೆ ಮಾತ್ರ ವಿಶೇಷವಾದ ಒಂದು ತೊಡಕಿತ್ತು. ಸಾಮಾನ್ಯ ಪ್ರವಾಸಿಯ ಹೊರೆ ಹೋಗುವಾಗ ಎಷ್ಟೋ ಬರುವಾಗಲೂ ಅಷ್ಟೇ. ನಮ್ಮದು ದಿನದಿನಕ್ಕೂ ಎಂಟು ಕಿಲೋಗ್ರಾಮು ಕರಗುವ ಹೊರೆ. ಹನ್ನೆರಡು ಚೀಲ ಅಚ್ಚಿನ ಮುಂದೆ, ಹನ್ನೆರಡು ಅಚ್ಚಿನ ಹಿಂದೆ, ಎರಡೂ ಕಡೆ ಅಚ್ಚಿನಿಂದ 40 ಸೆಂಟಿಮೀಟರು ದೂರದಲ್ಲಿದ್ದವು. ಅಚ್ಚಿನಿಂದ ಮೂಕಿಯ ತುದಿಗೆ 120 ಸೆಂಟಿಮೀಟರು. ಕೈಗೆ ಸಿಗುತ್ತದೆಂದು ಮುಂದಿನ ಹನ್ನೆರಡನ್ನೇ ಮೊದಲು ತೆಗೆದು ಬಳಸಿದೆವೆನ್ನಿ. 24 ಕಿಲೋಗ್ರಾಮನ್ನು 40ರಿಂದ ಗುಣಿಸಿ 120ರಿಂದ ಭಾಗಿಸಿದರೆ 8. ಮೂಕಿಯ ತುದಿಯ 12ರಲ್ಲಿ 8 ಹೋಗಿ ಉಳಿಯುವುದು 4. ಗಾಡಿಯ ತೂಕ ಆಗ 96. ಇಪ್ಪತ್ತರಲ್ಲೊಂದು ಪಾಲೂ ಇಲ್ಲ. ಹೊರಟ ದಿನ ಸಾಧುವಾಗಿದ್ದ ಗಾಡಿ ಮೂರನೆಯ ದಿನದ ಕೊನೆಗೆ ಯಾರ ಕಣ್ಣಿಗೂ ಕಾಣದೆ ತುಂಟನಾಗಿರುತ್ತದೆ. ಆದುದರಿಂದ ಮುಂದಿನಿಂದ ಒಂದು ಚೀಲ ತೆಗೆದರೆ ಮುಂದಿನದು ಹಿಂದಿನಿಂದ ಎಂದು ನಿಯಮ ಮಾಡಿ, ಪ್ರತಿ ಚೀಲದ ಮೇಲೂ ಅಂಕಿ ಬರೆದೆವು. ಬೆಸ ಸಂಖ್ಯೆ ಮುಂದಿನದು, ಸರಿ ಸಂಖ್ಯೆ ಹಿಂದಿನದು. ಈ ಯೋಜನೆಯನ್ನು ಬರೆದವರು ಹಿರಿಯವರು. ತಮ್ಮ ಔಷಧವನ್ನು ಹೀಗೆ ಸಿಗ್ನಲಿನ ವೇಳಾಪಟ್ಟಿಯಂತೆ ಬರೆದು ಮುಗಿಸಿದ ದಿನ ಅವರ ಮುಖದಲ್ಲಿ ಎರಡು ವರ್ಷಗಳಿಂದ ಕಾಣದಿದ್ದ ಒಂದು ಗೆಲುವು ಕಂಡಿತು.

ಇನ್ನು ಜೋಡಣೆಯ ವಿಷಯ. ತಿರುವಿನಲ್ಲಿ ಮೋಟಾರ್ ಸೈಕಲ್ಲು ಬಾಗುತ್ತದೆ, ಎರಡು ಗಾಲಿಯ ಗಾಡಿ ಬಾಗುವುದಿಲ್ಲ. ಇಬ್ಬರನ್ನೂ ಬಿಗಿಯಾಗಿ ಬೆಸೆದರೆ ಒಬ್ಬರು ಇನ್ನೊಬ್ಬರನ್ನು ಕೆಡವುತ್ತಾರೆ. ಅದಕ್ಕಾಗಿ ನಡುವೆ ಒಂದು ಉಕ್ಕಿನ ಗುಂಡು, ಅದನ್ನು ಅಪ್ಪಿ ಹಿಡಿಯುವ ಒಂದು ಬಟ್ಟಲು; ಜೊತೆಗೆ ಮೂಕಿಯು ತನ್ನ ಮೈಯಲ್ಲಿಯೇ ತಿರುಗುವಂತೆ ಮಾಡಿದ ಒಂದು ಕೀಲು. ದಾರಿಯಲ್ಲಿ ಇನ್ನೊಂದು ಎಚ್ಚರ ಬೇಕು. ಮೋಟಾರ್ ಸೈಕಲ್ಲಿನ ಎರಡು ಚಕ್ರಗಳು ಒಂದೇ ಗೆರೆಯಲ್ಲಿ ಓಡುತ್ತವೆ. ಗಾಡಿಯ ಗಾಲಿಗಳು ಅದರ ಎಡಕ್ಕೊಂದು ಬಲಕ್ಕೊಂದು ಗೆರೆ ಎಳೆಯುತ್ತವೆ. ಮುಂದಿನವನು ಗುಂಡಿಯನ್ನು ಜಾಣತನದಿಂದ ತಪ್ಪಿಸಿದ ಮಾತ್ರಕ್ಕೆ ಹಿಂದಿನವನು ಅದರಲ್ಲಿ ಬೀಳದಿರುವನೆಂಬ ಭರವಸೆಯಿಲ್ಲ. ತಿರುವುಗಳಲ್ಲಂತೂ ಗಾಡಿ ಒಳಮೂಲೆಯನ್ನು ಕತ್ತರಿಸಿಕೊಂಡು ಬರುತ್ತದೆ. ಗಾಡಿಗೆ ತನ್ನದೇ ಬ್ರೇಕಿಲ್ಲ. ಮೋಟಾರ್ ಸೈಕಲ್ಲು ನಿಂತಾಗ ಅದು ಬೆನ್ನಿಗೆ ಕೈಕೊಟ್ಟು ನೂಕುತ್ತದೆ. ಆದುದರಿಂದ ಬ್ರೇಕನ್ನು ತಿರುವಿನ ಮೊದಲೇ ಮುಗಿಸಬೇಕು, ಮುಂದಿನ ವಾಹನಕ್ಕೂ ನಮಗೂ ನಡುವೆ ದುಪ್ಪಟ್ಟು ಅಂತರ ಬಿಡಬೇಕು. ಪುಟ್ಟ ಗಾಲಿಗಳ ಪಾಡೂ ಕಡಿಮೆಯದಲ್ಲ. 65 ಸೆಂಟಿಮೀಟರು ವ್ಯಾಸದ ಚಕ್ರ ಒಂದು ಕಿಲೋಮೀಟರಿನಲ್ಲಿ ಸುಮಾರು 490 ಸುತ್ತು ಸುತ್ತಿದರೆ, 40 ಸೆಂಟಿಮೀಟರಿನ ಗಾಲಿ ಸುಮಾರು 800 ಸುತ್ತು ಸುತ್ತಬೇಕು. ಪ್ರತಿ ತಂಗಿನಲ್ಲಿಯೂ ಗಾಲಿಯ ಗುಂಬವನ್ನು ಮುಟ್ಟಿ ನೋಡಿ ಬೇರಿಂಗು ಕಾದಿದೆಯೇ ಎಂದು ಪರೀಕ್ಷಿಸುತ್ತಿದ್ದೆವು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ.

ಈ ಸಾಹಸ ಹೊಸದೇನೂ ಅಲ್ಲ. 1900ರ ಆಸುಪಾಸಿನಲ್ಲಿ ಯುರೋಪಿನ ಮೋಟಾರ್ ತ್ರಿಚಕ್ರಗಳ ಹಿಂದೆ ಬೆತ್ತದ ಕುರ್ಚಿಯ ಗಾಡಿಯೊಂದನ್ನು ಕಟ್ಟಿ ಅದರಲ್ಲಿ ಮನುಷ್ಯರನ್ನೇ ಕೂರಿಸಿ ಎಳೆಯುತ್ತಿದ್ದರು. ದಾರಿಯ ಧೂಳು, ಎಂಜಿನಿನ ಹೊಗೆ ಎಲ್ಲವೂ ಹಿಂದೆ ಕುಳಿತವರ ಪಾಲಿಗೆ. ಕೊಂಡಿ ಕಳಚಿಕೊಂಡರೆ ಎಂಜಿನಿನ ಸದ್ದಿನಲ್ಲಿ ಹಿಂದಿನವರ ಕೂಗು ಮುಂದಿನವರಿಗೆ ಕೇಳುವಂತಿರಲಿಲ್ಲ. 1903ರಿಂದ ಪಕ್ಕದ ಬುಟ್ಟಿ, ಎಂದರೆ ಸೈಡ್‌ಕಾರು, ಬಳಕೆಗೆ ಬಂದಮೇಲೆ ಜನರು ಹಿಂದಿನಿಂದ ಪಕ್ಕಕ್ಕೆ ಬಂದರು. ಹಿಂದಿನ ಗಾಡಿ ಸಾಮಾನಿಗೆ ಉಳಿಯಿತು.

ಆ ಸಾಮಾನಿನ ಗಾಡಿಯ ಚರಿತ್ರೆಯಲ್ಲಿ ನಮಗೆ ಬಲು ಪ್ರಿಯವಾದ ಅಧ್ಯಾಯವೊಂದಿದೆ. ಇಲ್ಲಿಯ ವಿದ್ಯಾರ್ಥಿನಿಯರು ಗಮನವಿಟ್ಟು ಓದಬೇಕು. ಥೆರೆಸಾ ವಾಲಕ್ ಮತ್ತು ಫ್ಲಾರೆನ್ಸ್ ಬ್ಲೆಂಕಿರನ್ ಎಂಬ ಇಬ್ಬರು ಆಂಗ್ಲ ಯುವತಿಯರು 1934ರ ಡಿಸೆಂಬರ್ 11ರಂದು ಲಂಡನ್ನಿನಿಂದ ಹೊರಟರು. ವಾಹನ 600 ಸಿ.ಸಿ.ಯ ಪ್ಯಾಂಥರ್ ಮೋಟಾರ್ ಸೈಕಲ್ಲು. ಅದರ ಪಕ್ಕಕ್ಕೊಂದು ಸೈಡ್‌ಕಾರು, ಅದರ ಬೆನ್ನಿಗೊಂದು ಟ್ರೇಲರು. ಹೋಗಬೇಕಾದ ಊರು ಆಫ್ರಿಕದ ತುತ್ತತುದಿಯ ಕೇಪ್‌ಟೌನ್. ನಡುವೆ ಸಹರಾ ಮರುಭೂಮಿ. ಅಲ್ಲಿ ಅವರಿಗೆ ರಸ್ತೆಯಿರಲಿಲ್ಲ, ದಿಕ್ಸೂಚಿಯೂ ಇರಲಿಲ್ಲ. ಮರಳಿನಲ್ಲಿ ಹೂತ ಚಕ್ರಗಳನ್ನು ತೋಡಿ ತೋಡಿ ಮೇಲೆತ್ತಿ ಮುಂದೆ ಸಾಗಿದರು. 1935ರ ಜುಲೈ 29ರಂದು ಕೇಪ್‌ಟೌನನ್ನು ಮುಟ್ಟಿದರು. ವಾಲಕ್ ಮುಂದೆ ಎರಡನೆಯ ಮಹಾಯುದ್ಧದಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಸಂದೇಶ ಒಯ್ಯುವ ಕೆಲಸ ಮಾಡಿ, ಅನಂತರ ಅಮೆರಿಕಕ್ಕೆ ಹೋಗಿ ಇತರರಿಗೆ ಮೋಟಾರ್ ಸೈಕಲ್ಲು ಕಲಿಸುವ ಶಾಲೆಯನ್ನು ನಡೆಸಿ, 1999ರಲ್ಲಿ ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಪ್ರಯಾಣವನ್ನು ಕುರಿತು ಅವರು ಬರೆದ ಪುಸ್ತಕ ಅವರ ಮರಣದ ತರುವಾಯ 2001ರಲ್ಲಿ ಅಚ್ಚಾಯಿತು. ಡಯಾಲಿಸಿಸಿನ ಅರ್ಧರ್ಧ ಗಂಟೆಗಳಲ್ಲಿ ಹಿರಿಯವರು ಓದಿ ಮುಗಿಸಿದ ಪುಸ್ತಕ ಅದು. ಇವರಿಬ್ಬರು ಮೂರು ಬಗೆಯ ಗಾಲಿಗಳನ್ನು ಜೋಡಿಸಿಕೊಂಡು ಸಹರಾ ದಾಟಿದರೆ, ಒಂದು ಗಾಡಿ ಕಟ್ಟಿಕೊಂಡು ಸ್ಕಾಟ್ಲೆಂಡಿಗೆ ಹೋಗುವುದು ಯಾವ ಮಹಾ ಎಂಬ ಧೈರ್ಯ ನಮಗೆ ಬಂದದ್ದು ಅಲ್ಲಿಂದ.

ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ ಮಲೇಗ್ ಎಂಬ ಊರಿದೆ. ಗ್ಲಾಸ್ಗೋದಿಂದ ಬೆಟ್ಟಗಳ ನಡುವೆ ಬರುವ ರೈಲುದಾರಿ 1901ರಲ್ಲಿ ಅಲ್ಲಿಗೆ ತಲುಪಿ, ಸಮುದ್ರದ ಎದುರು ನಿಂತುಬಿಟ್ಟಿದೆ. ಆ ಹಳಿಯ ಕೊನೆಯನ್ನು ನೋಡಬೇಕೆಂಬುದು ಹಿರಿಯವರ ಬಹುದಿನದ ಆಸೆ. ಹೋಗಿ ಬರಲು ಸುಮಾರು 1,200 ಕಿಲೋಮೀಟರು. ಆಸ್ಪತ್ರೆಯ ದಾದಿಯವರು ಎಲ್ಲವನ್ನೂ ಕೇಳಿ, ಬೇಡವೆನ್ನಲಿಲ್ಲ. ಚೀಲ ಬದಲಿಸುವಾಗ ಮುಚ್ಚಿದ ಕೊಠಡಿ ಇರಬೇಕು, ಕಿಟಕಿ ಹಾಕಿರಬೇಕು, ಕೈ ತೊಳೆದು ಮುಖಕ್ಕೆ ಮರೆ ಕಟ್ಟಿರಬೇಕು, ದ್ರಾವಣವನ್ನು ಮೈಯ ಬಿಸಿಯಷ್ಟು ಬೆಚ್ಚಗೆ ಮಾಡಲು ವಿದ್ಯುತ್ತಿನ ಹಾಸನ್ನೇ ಬಳಸಬೇಕು, ಬಿಸಿನೀರಿನಲ್ಲಿ ಮುಳುಗಿಸಬಾರದು ಎಂದು ಮತ್ತೆ ಹೇಳಿದರು. ಒಂದು ಹನಿ ಕೊಳೆ ಕೊಳವೆಯನ್ನು ಹೊಕ್ಕರೆ ಹೊಟ್ಟೆಯ ಪೊರೆಗೆ ಸೋಂಕು; ಅದು ಪ್ರಾಣಕ್ಕೇ ಬರಬಹುದಾದ ವಿಷಯ. ಇನ್ನೊಂದು ಮಾತನ್ನು ಪಟ್ಟಿಯ ವ್ಯವಸ್ಥೆ ನೋಡುವವರು ಹೇಳಿದರು: ಫೋನು ಸದಾ ಹತ್ತಿರವಿರಲಿ, ಕರೆ ಬಂದರೆ ತಡಮಾಡದೆ ಹೊರಟು ಬರಬೇಕಾಗುತ್ತದೆ.

2023ರ ಜೂನ್ ತಿಂಗಳ ಒಂದು ಸೋಮವಾರ, ಬೆಳಗಿನ ಚೀಲವನ್ನು ಮನೆಯಲ್ಲಿಯೇ ಮುಗಿಸಿ ಹೊರಟೆವು. ಗಾಡಿ ಎಳೆಯುವ ವಾಹನಗಳಿಗೆ ಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿ, ಎದುರುಬದುರು ಸಂಚಾರದ ಸಾಮಾನ್ಯ ರಸ್ತೆಯಲ್ಲಿ 50 ಮೈಲಿ ಮಿತಿ. ಮೂರು ಸಾಲಿನ ಹೆದ್ದಾರಿಯ ಬಲತುದಿಯ ಸಾಲಿಗೆ ಹೋಗುವಂತಿಲ್ಲ. ಹೀಗಾಗಿ ಲಾರಿಗಳೊಂದಿಗೇ ನಮ್ಮ ಸಂಸಾರ. ಮೊದಲ ಹತ್ತು ಮೈಲಿ ಕಿರಿಯವನ ಕಣ್ಣು ದಾರಿಗಿಂತ ಕನ್ನಡಿಯಲ್ಲಿಯೇ ಹೆಚ್ಚಾಗಿತ್ತು. ಹಿಂದೆ ಕುಳಿತ ಹಿರಿಯವರು ಬೆನ್ನು ತಟ್ಟಿ, “ಹಿಂದಿನದನ್ನು ನಾನು ನೋಡುತ್ತೇನೆ. ನೀನು ಮುಂದೆ ನೋಡು,” ಎಂದರು. ಮಧ್ಯಾಹ್ನ ಶ್ಯಾಪ್ ಎಂಬ ಗುಡ್ಡದ ಹಳ್ಳಿಯ ಒಂದು ಸಣ್ಣ ಇನ್ನಿನಲ್ಲಿ ನಿಂತು, ಅರ್ಧ ಗಂಟೆಗೆ ಒಂದು ಕೊಠಡಿ ಬೇಕೆಂದು ಕೇಳಿದೆವು. ಒಡತಿಗೆ ಕಾರಣ ಹೇಳಿದಾಗ ಆಕೆ ಹೆಚ್ಚು ಕೇಳಲಿಲ್ಲ. ಕೊಠಡಿಯ ಕಿಟಕಿಯನ್ನು ತಾನೇ ಹಾಕಿ, ಹೊಸ ಸಾಬೂನು ಇಟ್ಟು ಹೋದಳು. ಹೊರಡುವಾಗ ಎರಡು ಚಹಾದ ಹಣ ಮಾತ್ರ ತೆಗೆದುಕೊಂಡಳು. ಆ ರಾತ್ರಿ ಮಾಫಟ್ ಎಂಬ ಊರಿನಲ್ಲಿ ತಂಗಿದೆವು.

ಎರಡನೆಯ ದಿನದ ದಾರಿ ಲೋಮಂಡ್ ಸರೋವರದ ಅಂಚಿನಲ್ಲಿ ಇಕ್ಕಟ್ಟಾಗಿ ಸಾಗಿ, ರಾನಕ್ ಮೂರ್ ಎಂಬ ಬಯಲಿಗೆ ಏರುತ್ತದೆ. ಬಯಲೆಂದರೆ ಹೊಲಗದ್ದೆಯ ಬಯಲಲ್ಲ. ಕಪ್ಪು ಜೌಗು, ಕಲ್ಲು, ನೀರಿನ ಹೊಂಡಗಳು, ಕಣ್ಣು ಹಾಯುವಷ್ಟು ದೂರ ಒಂದು ಮರವೂ ಅಪರೂಪ. ರಸ್ತೆ ಅಲ್ಲಿ 348 ಮೀಟರು ಎತ್ತರಕ್ಕೆ ಹೋಗುತ್ತದೆ. ಪಶ್ಚಿಮದಿಂದ ಅಡ್ಡಗಾಳಿ ಬೀಸುತ್ತಿತ್ತು. ಎದುರಿನಿಂದ ಒಂದು ದೊಡ್ಡ ಲಾರಿ ಹಾದುಹೋದಾಗ ಗಾಳಿ ಒಂದು ಕ್ಷಣ ನಿಂತು, ಲಾರಿ ದಾಟಿದೊಡನೆ ಮತ್ತೆ ಹೊಡೆಯಿತು. ಗಾಡಿ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತೂಗಿತು. ಹಿರಿಯವರ ಎರಡು ಕೈಗಳೂ ಕಿರಿಯವನ ಹೆಗಲನ್ನು ಬಿಗಿಯಾಗಿ ಹಿಡಿದವು. ಕಿರಿಯವನು ಬ್ರೇಕನ್ನು ಮುಟ್ಟದೆ ಎಂಜಿನನ್ನು ಮೆಲ್ಲನೆ ಸಡಿಲಿಸಿದನು. ಮೂರನೆಯ ತೂಗು ಮೊದಲಿನದಕ್ಕಿಂತ ಚಿಕ್ಕದು, ನಾಲ್ಕನೆಯದು ಇಲ್ಲವೇ ಇಲ್ಲ. ಬೆಸ ಸಂಖ್ಯೆ, ಸರಿ ಸಂಖ್ಯೆಯ ಲೆಕ್ಕ ಅಲ್ಲಿ ಫಲ ಕೊಟ್ಟಿತು. ಅಲ್ಲಿಂದ ಗ್ಲೆಂಕೋ ಕಣಿವೆಗೆ ಇಳಿಯುವವರೆಗೆ 40 ಮೈಲಿಯನ್ನು ಮೀರಲಿಲ್ಲ. ಹಿಂದೆ ವಾಹನಗಳ ಸಾಲು ಬೆಳೆದಾಗಲೆಲ್ಲ ಪಕ್ಕಕ್ಕೆ ನಿಂತು ದಾರಿ ಕೊಟ್ಟೆವು. ಆ ಬಯಲಿನಲ್ಲಿ ಬಹುದೂರ ಫೋನಿಗೆ ಸಂಪರ್ಕವಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕಣಿವೆಯಲ್ಲಿ ಮೊದಲ ಸಲ ನಿಂತಾಗ ಹಿರಿಯವರು ಗಾಲಿಯ ಗುಂಬವನ್ನು ಮುಟ್ಟಿ ನೋಡಿದರು, ಕಿರಿಯವನು ಫೋನನ್ನು ತೆಗೆದು ನೋಡಿದನು. ಯಾರೂ ಕರೆದಿರಲಿಲ್ಲ. ಅದು ಸಮಾಧಾನವೋ ನಿರಾಶೆಯೋ ಎಂಬುದನ್ನು ನಾವು ಈಗಲೂ ತೀರ್ಮಾನಿಸಿಲ್ಲ.

ಮೂರನೆಯ ದಿನ ಗ್ಲೆನ್‌ಫಿನ್ನನ್ನಿನಲ್ಲಿ 21 ಕಮಾನುಗಳ ಕಾಂಕ್ರೀಟಿನ ರೈಲು ಸೇತುವೆಯನ್ನು ನೋಡಿದೆವು. ಕೊಂಕಣ ರೈಲಿನಲ್ಲಿ ಊರಿಗೆ ಹೋಗಿ ಬರುವ ನಿಮಗೆ ಅದರ ಎತ್ತರ ಅಷ್ಟೇನೂ ದೊಡ್ಡದೆನಿಸಲಾರದು. ಆದರೆ ಬೆಟ್ಟದ ಬುಡದಲ್ಲಿ ಬಿಲ್ಲಿನಂತೆ ಬಾಗಿ ನಿಂತಿರುವ ಆ ಸೇತುವೆಯ ಸೊಬಗೇ ಬೇರೆ. ಅನಂತರ ಅರಿಸೇಗಿನ ಬಳಿ ಹಳೆಯ ಕರಾವಳಿಯ ದಾರಿಯನ್ನು ಹಿಡಿದೆವು. ಅದರಲ್ಲಿ ಕೆಲವು ಕಡೆ ಒಂದೇ ವಾಹನಕ್ಕೆ ಆಗುವಷ್ಟು ಅಗಲ. ಅಲ್ಲಲ್ಲಿ ಎದುರು ಬಂದವರಿಗೆ ಸರಿಯಲು ಅಗಲಿಸಿದ ಜಾಗ. ಒಂದು ತಿರುವಿನಲ್ಲಿ ಕುರಿ ಸಾಕುವ ರೈತನೊಬ್ಬನ ವಾಹನ ಎದುರಾಯಿತು. ಅವನ ಹಿಂದೆಯೂ ಕುರಿಗಳನ್ನು ತುಂಬಿದ ಗಾಡಿ. ಕುರಿಗಳಿಗೆ ಮರ್ಯಾದೆ ಕೊಡುವುದು ನ್ಯಾಯವೆನಿಸಿತು. ಆದರೆ ನಮ್ಮ ಮೋಟಾರ್ ಸೈಕಲ್ಲಿಗೆ ಹಿಂದಕ್ಕೆ ಹೋಗುವ ಗೇರಿಲ್ಲ. ಗಾಡಿಯನ್ನು ಕಳಚಿ ಕೈಯಿಂದ ನೂಕತೊಡಗಿದೆವು. ಹಿರಿಯವರು ಭಾರ ಎತ್ತಬಾರದು. ಅವರು ಮುಂದೆ ನಿಂತು ಕೈಸನ್ನೆ ಮಾಡುತ್ತಿದ್ದರು. ರೈತ ಇಳಿದು ಬಂದು ಒಂದು ಕೈ ಕೊಟ್ಟನು. ಭಾರ ನೋಡಿ, ಒಳಗೆ ಏನಿದೆ, ಬಿಯರೋ ಎಂದು ಕೇಳಿದನು. “ನೀರು. ಸ್ವಲ್ಪ ಸಕ್ಕರೆ, ಸ್ವಲ್ಪ ಉಪ್ಪು,” ಎಂದರು ಹಿರಿಯವರು. ಅವನು ಆಕಾಶದ ಮೋಡವನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿ, ಈ ನಾಡಿಗೆ ನೀರು ಹೊತ್ತು ತಂದವರನ್ನು ಇವತ್ತೇ ಕಂಡೆ ಎಂದನು. ನಿಜ ಹೇಳಿದಾಗ ಟೋಪಿ ತೆಗೆದು, ಕುರಿಗಳನ್ನು ಮರೆತು, ಮತ್ತೆ ಗಾಡಿಯನ್ನು ಕೊಂಡಿಗೆ ಸೇರಿಸಿ ಕೀಲು ಬಿಗಿಯುವವರೆಗೂ ನಿಂತನು.

ಮಲೇಗಿನಲ್ಲಿ ಹೆಚ್ಚೇನಿಲ್ಲ. ಮೀನಿನ ವಾಸನೆಯ ಒಂದು ಬಂದರು, ದ್ವೀಪಗಳಿಗೆ ಹೋಗುವ ಹಡಗು, ಎರಡು ಹಳಿ. ಹಳಿಗಳು ಮುಗಿಯುವ ಜಾಗದಲ್ಲಿ ಹಿರಿಯವರು ಬಹಳ ಹೊತ್ತು ನಿಂತರು. ಜೂನ್ ತಿಂಗಳಾದುದರಿಂದ ರಾತ್ರಿ ಹತ್ತು ಗಂಟೆಗೂ ಬೆಳಕಿತ್ತು. ಲಾಡ್ಜಿನ ಕಿಟಕಿಯನ್ನು ಹಾಕಿ ಪರದೆ ಎಳೆದು, ಅಂದಿನ ನಾಲ್ಕನೆಯ ಚೀಲವನ್ನು ಗೋಡೆಯ ಕೊಕ್ಕೆಗೆ ತೂಗುಹಾಕಿದೆವು. ಅದರ ಮೇಲೆ 11 ಎಂದು ಬರೆದಿತ್ತು.

ಮರಳಿ ಬರುವ ದಾರಿಯಲ್ಲಿ ಬೇರೊಂದು ತಾಪತ್ರಯ. ಹಗುರಾದ ಗಾಡಿ ಉಬ್ಬುತಗ್ಗುಗಳಲ್ಲಿ ಕುಣಿಯುತ್ತದೆ. ಅದರ ಸ್ಪ್ರಿಂಗುಗಳು ಭಾರಕ್ಕೆಂದು ಹದಗೊಂಡವು. ಟಯರಿನ ಗಾಳಿಯನ್ನು ತಯಾರಕರು ಹೇಳಿದ ಮಿತಿಯೊಳಗೆ ಸ್ವಲ್ಪ ಇಳಿಸಿ, ಅಚ್ಚಿನ ನೇರಕ್ಕೆ ಎರಡು ಡಬ್ಬ ಕುಡಿಯುವ ನೀರನ್ನು ತುಂಬಿಸಿಟ್ಟಾಗ ಅದು ಶಾಂತವಾಯಿತು. ರೈತನ ಮಾತು ನೆನಪಾಗಿ ಇಬ್ಬರೂ ನಕ್ಕೆವು. ಈ ಸಲ ನಾವು ಸ್ಕಾಟ್ಲೆಂಡಿನ ನೀರನ್ನೇ ಹೊತ್ತು ತರುತ್ತಿದ್ದೆವು. ಐದನೆಯ ದಿನ ಶ್ಯಾಪಿನ ಇನ್ನಿನ ಮುಂದೆ ನಿಂತಾಗ, ನಾವು ಬಾಯಿ ತೆರೆಯುವ ಮೊದಲೇ ಒಡತಿ ಅದೇ ಕೊಠಡಿಯ ಕೀಲಿಯನ್ನು ಮುಂದಿಟ್ಟಳು.

ಸಂಜೆ ಆರು ಗಂಟೆಗೆ ಮನೆ ಸೇರಿದೆವು. ಗಾಡಿಯನ್ನು ಕಳಚಿ, ಕೆಸರು ತೊಳೆದು, ಮೂಕಿಯನ್ನು ತಕ್ಕಡಿಯ ಮೇಲಿಟ್ಟು ಕಡೆಯ ಸಲ ತೂಕ ನೋಡಿ ಬರೆದುಕೊಂಡೆವು. ಒಳಗೆ ಏಳು ಚೀಲಗಳು ಉಳಿದಿದ್ದವು. ಮನೆಯ ಕಪಾಟಿನಲ್ಲಿ ಹೊಸ ಪೆಟ್ಟಿಗೆಗಳಿದ್ದರೂ ಹಿರಿಯವರು ಗಾಡಿಯಿಂದಲೇ ಒಂದನ್ನು ತರಲು ಹೇಳಿದರು. ಕಿರಿಯವನು 18ನೆಯ ಸಂಖ್ಯೆಯದನ್ನು ಆರಿಸಿ ತಂದು ಬಿಸಿ ಹಾಸಿನ ಮೇಲಿಟ್ಟು, ಕೈ ತೊಳೆಯಲು ಹೋದನು.